ನಿಂತಿರುವ ತನಕ ಹೊಡಿ

ಜನವರಿ 11

ಅಕ್ಕಾ,

ನಿನ್ನೆಯ ಬಾಕ್ಸಿಂಗ್ ಪಂದ್ಯದಲ್ಲಿ ನಮ್ಮ ಚಿಕ್ಕ ತಮ್ಮ ಮರಿ ಒಬ್ಬ ಲಾರಿ ಡ್ರೈವರನ ಮೂಗು ಮುರಿದ. ಬರೀ ರಕ್ತ ಬಂತು ಅಂತ ತಿಳಿಯಬೇಡ, ಮೂಗು ಎಡಗೆನ್ನೆಯ ಕಡೆ ಹೊರಳಿ ಕೂತಿತು. ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳ ಬಿಳಿ ಅಂಗಿಗೆ ರಕ್ತ ಸಿಡಿಯಿತು. ಒರೆಸಿಕೊಳ್ಳುವುದು ಬಿಟ್ಟು ಆಕೆ ಎದ್ದು ನಿಂತು ಶಿಳ್ಳೆ ಹಾಕಿದಳು. ನಾನು ರಿಂಗಿನ ಹಗ್ಗ ಹಿಡಿದು ಕುಣಿದದ್ದಕ್ಕೆ ಇವತ್ತು ಸೊಂಟ ಹಿಡಿದುಕೊಂಡಿದೆ.

ಫೋನ್ ಮಾಡಿ ಹೇಳೋಣ ಅಂದುಕೊಂಡೆ. ಆದರೆ ಫೋನಿನಲ್ಲಿ ನಮ್ಮಿಬ್ಬರಿಗೆ ನಾಲ್ಕನೇ ಮಾತಿಗೆ ಜಗಳ ಹತ್ತಿಕೊಳ್ಳುತ್ತದೆ. "ಇನ್ನು ಏನಿದ್ರೂ ಕಾಗದ ಬರಿ, ಕಾಗದಕ್ಕೆ ಕಿರುಚೋಕೆ ಬರಲ್ಲ" ಅಂತ ನೀನೇ ಅಂದದ್ದು. ಸರಿ, ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದೆ ಅಂತ ಬೈಯಬೇಡ.

ಆ ಡ್ರೈವರ್ ಹಳೆಯ ಹುಲಿ. ಎಡಗೈ ಎತ್ತಿದ ಹಾಗೆ ಮಾಡಿ ಬಲಗೈಯಲ್ಲಿ ಹೊಡೆಯುವ ಮೋಸದಲ್ಲೇ ಎಷ್ಟೋ ಜನರನ್ನು ಮಲಗಿಸಿದವನು. ಮರಿ ಒಂದು ಸಲವೂ ಅದಕ್ಕೆ ಬೀಳಲಿಲ್ಲ. "ಅದ್ಹೇಗೋ ಗೊತ್ತಾಯ್ತು ನಿಂಗೆ?" ಅಂತ ಕೇಳಿದೆ. "ಕೈ ಸುಳ್ಳು ಹೇಳುತ್ತೆ ಅಣ್ಣ. ಕಾಲು ಹೇಳಲ್ಲ. ನಾನು ಕಾಲು ನೋಡ್ತೀನಿ" ಅಂದ. ಅಷ್ಟು ಹೇಳಿ ಹರಿದ ಗ್ಲೌಸಿಗೆ ಹೊಲಿಗೆ ಹಾಕುತ್ತಾ ಕೂತ. ನನ್ನ ಜಿಮ್ಮಿನ ಗ್ಲೌಸು, ಬ್ಯಾಗುಗಳ ರಿಪೇರಿಯೆಲ್ಲ ಈಗ ಅವನದೇ.

ತೊಂದರೆ ಒಂದೇ. ರೌಂಡುಗಳ ನಡುವೆ ಸ್ಟೂಲಿನ ಮೇಲೆ ಕೂರಿಸಿ ನಾನು ಹತ್ತು ಮಾತು ಹೇಳುತ್ತೇನೆ. ಎಡಕ್ಕೆ ಹೋಗು, ಆದರೆ ಮೂಲೆಗೆ ಸಿಕ್ಕಬೇಡ, ಅವನು ಬಗ್ಗಿದರೆ ಮೇಲಿನಿಂದ ಹೊಡಿ, ಆದರೆ ಕತ್ತಿನ ಹಿಂದೆ ಹೊಡೆಯಬೇಡ. ಅವನು ಕಲ್ಲಾಗಿ ಕೂತುಬಿಡುತ್ತಾನೆ. ಡಾಕ್ಟರು ಮೊದಲ ಸಲ 'ಆಟಿಸಂ' ಅಂದ ದಿನ ಅಮ್ಮ ಅತ್ತಳು, ನಾನು ಡಾಕ್ಟರ ಕಾರಿಗೆ ಕಲ್ಲು ಬೀರಿದೆ, ನೀನು ಪುಸ್ತಕ ತೆಗೆದುಕೊಂಡು ಕೂತೆ. ಕೂತವಳು ಮೆದುಳಿನ ವಿಜ್ಞಾನಿಯಾಗಿಯೇ ಎದ್ದೆ. ಈಗಲಾದರೂ ಆ ಓದು ಮನೆಯ ಉಪಯೋಗಕ್ಕೆ ಬರಲಿ. ಅವನಿಗೆ ಹೇಗೆ ಹೇಳಬೇಕು, ಹೇಳು.

ನಿನ್ನ ತಮ್ಮ


ಜನವರಿ 24

ತಮ್ಮಾ,

ಮುರಿದ ಮೂಗಿನ ವರ್ಣನೆ ಓದಿ ಬೆಳಗಿನ ಕಾಫಿ ಅರ್ಧಕ್ಕೆ ಬಿಟ್ಟೆ. ನಾನು ದಿನವಿಡೀ ತಲೆಯೊಳಗೆ ಏನಿದೆ ಎಂದು ನೋಡುವವಳು, ನೀನು ದಿನವಿಡೀ ಅದನ್ನು ಅಲ್ಲಾಡಿಸುವವನು. ಒಂದೇ ಹೊಟ್ಟೆಯಲ್ಲಿ ಹುಟ್ಟಿದೆವು ಅಂದರೆ ನಮ್ಮ ಲ್ಯಾಬಿನಲ್ಲಿ ಯಾರೂ ನಂಬುವುದಿಲ್ಲ. ಮರಿಗೆ ಬಾಕ್ಸಿಂಗ್ ಬೇಡ ಎಂದು ಇನ್ನೊಮ್ಮೆ ಹೇಳುತ್ತೇನೆ, ನೀನು ಕೇಳುವುದಿಲ್ಲ ಎಂದು ಗೊತ್ತಿದ್ದೇ ಹೇಳುತ್ತೇನೆ.

ಕೇಳಿದ್ದಕ್ಕೆ ಉತ್ತರ. ಮೆದುಳಿನ ಚಿತ್ರ ತೆಗೆಯುವ ನಮ್ಮ ಸ್ಕ್ಯಾನರಿನಲ್ಲಿ ಮಲಗಿದವರಿಗೆ ಕನ್ನಡಿಯ ಮೂಲಕ ಒಂದು ಪರದೆ ಕಾಣುತ್ತದೆ. ಅದರ ಮೇಲೆ ವಾಕ್ಯಗಳು ಬರುತ್ತವೆ. 'ಕರೆಗಂಟೆ ಬಾರಿಸಿದರೆ ಅವಳು ಬಾಗಿಲು ತೆರೆಯುತ್ತಾಳೆ. ಗಂಟೆ ಬಾರಿಸಿತು.' ಮುಂದೇನು? ಎಲ್ಲರೂ 'ತೆರೆಯುತ್ತಾಳೆ' ಎಂದು ಗುಂಡಿ ಒತ್ತುತ್ತಾರೆ. ಆಮೇಲೆ ಇನ್ನೊಂದು ವಾಕ್ಯ ಸೇರಿಸುತ್ತೇವೆ: 'ಅವಳು ಎಚ್ಚರವಾಗಿದ್ದರೆ ಬಾಗಿಲು ತೆರೆಯುತ್ತಾಳೆ.' ಅವಳು ನಿದ್ದೆ ಮಾಡುತ್ತಿದ್ದಾಳೆ ಎಂದು ನಾವು ಹೇಳಿಲ್ಲ. ಆದರೂ ನಿನ್ನಂಥವರ ಮನಸ್ಸು ಡೋಲಾಯಮಾನವಾಗುತ್ತದೆ. ಮಲಗಿರಬಹುದು, ಸ್ನಾನಕ್ಕೆ ಹೋಗಿರಬಹುದು ಎಂದೆಲ್ಲ ಯೋಚಿಸಿ 'ಹೇಳಲಾಗದು' ಎನ್ನುತ್ತೀರಿ. ಆಟಿಸಂ ಇರುವವರು ಅಷ್ಟು ಅಲ್ಲಾಡುವುದಿಲ್ಲ. ಕೊಟ್ಟ ನಿಯಮವನ್ನು ಗಟ್ಟಿಯಾಗಿ ಹಿಡಿಯುತ್ತಾರೆ. ಅಪವಾದಗಳನ್ನು ಇವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಹೋದ ವರ್ಷದ ಪ್ರಬಂಧದಲ್ಲಿ ಬರೆದೆ. ಅದಕ್ಕೆ ದೊಡ್ಡ ಸಭೆಯಲ್ಲಿ ಚಪ್ಪಾಳೆಯೂ ಬಿತ್ತು.

ಆದ್ದರಿಂದ ಮರಿಗೆ ಒಂದೇ ನಿಯಮ ಕೊಡು. ಚಿಕ್ಕದು. 'ಆದರೆ' ಸೇರಿಸಬೇಡ. ಅವನು ಅದನ್ನು ಬಿಡುವುದಿಲ್ಲ.

ತಲೆಗೆ ಏಟು ಬಿದ್ದ ದಿನ ಅವನನ್ನು ಮಲಗಲು ಬಿಡುವ ಮೊದಲು ಡಾಕ್ಟರಿಗೆ ತೋರಿಸು. ಇದನ್ನು ಮಾತ್ರ ಮರೆಯಬೇಡ.

ಅಕ್ಕ


ಮಾರ್ಚ್ 18

ಅಕ್ಕಾ,

ನಿನ್ನ ಕಾಲಿಗೆ ಬೀಳಬೇಕು! ಒಂದೇ ನಿಯಮ ಕೊಟ್ಟೆ: 'ಎದುರಿಗಿರೋನು ನಿಂತಿರೋ ತನಕ ಹೊಡಿ.' ಅಷ್ಟೇ. ಅವನು ಒಂದು ಸಲ ಬಾಯಲ್ಲಿ ಹೇಳಿಕೊಂಡ, ತಲೆಯಾಡಿಸಿದ, ಮುಗಿಯಿತು.

ಅಂದಿನಿಂದ ನಿಂತವರು ಯಾರೂ ಇಲ್ಲ. ಕಟ್ಟಡದ ಮೇಸ್ತ್ರಿಯೊಬ್ಬ ಬಂದ, ಎತ್ತಿನಂಥ ಕತ್ತು. ಮೂರನೇ ರೌಂಡಿಗೆ ಅವನ ಹುಬ್ಬು ಸೀಳಿ ಕಣ್ಣಿನ ಮೇಲೆ ಚರ್ಮ ಜೋತುಬಿತ್ತು. ಆಮೇಲೆ ಒಬ್ಬ ಕಾಲೇಜು ಚಾಂಪಿಯನ್, ಬಾಯಿತುಂಬ ಜಂಬ. ಅವನ ಪಕ್ಕೆಲುಬು ಮುರಿದ ಸದ್ದು ನನಗೆ ಮೂಲೆಗೆ ಕೇಳಿಸಿತು, ಒಣ ಕಡ್ಡಿ ಮುರಿದ ಹಾಗೆ. ಅವನು ಮಂಡಿಯೂರಿದ ತಕ್ಷಣ ಮರಿ ಕೈ ಇಳಿಸಿ ಎರಡು ಹೆಜ್ಜೆ ಹಿಂದೆ ಸರಿದ. ಸಿಟ್ಟಿಲ್ಲ, ಖುಷಿಯಿಲ್ಲ, ನಲ್ಲಿ ನಿಲ್ಲಿಸಿದ ಹಾಗೆ. ಜನಕ್ಕೆ ಅದನ್ನು ಕಂಡರೇ ಹುಚ್ಚು. ನಾನೂ ಸುಳ್ಳು ಹೇಳುವುದಿಲ್ಲ, ನನಗೂ ಹುಚ್ಚೇ. ನನ್ನ ಕಾಲದಲ್ಲಿ ನಾನು ಮಾಡಲಾಗದ್ದೆಲ್ಲ ಅವನ ಕೈಯಲ್ಲಿ ಆಗುತ್ತಿದೆ.

ಏಪ್ರಿಲ್ ಕೊನೆಗೆ ದೊಡ್ಡ ಪಂದ್ಯ. ಎದುರಾಳಿ ಒಬ್ಬ ವೆಲ್ಡರ್. ಇಲ್ಲಿಯ ತನಕ ಅವನನ್ನು ಯಾರೂ ಬೀಳಿಸಿಲ್ಲ. ಗೆದ್ದರೆ ನನ್ನ ಜಿಮ್ಮಿನ ಹೆಸರು ದೇಶಕ್ಕೆಲ್ಲ ಗೊತ್ತಾಗುತ್ತದೆ. ಬಂದು ನೋಡು ಅಂದರೆ ಬರುವುದಿಲ್ಲ ನೀನು. ಇರಲಿ, ಬರೆಯುತ್ತೇನೆ.

ನಿನ್ನ ತಮ್ಮ


ಮೇ 6

ಅಕ್ಕಾ,

ಮರಿ ಆಸ್ಪತ್ರೆಯಲ್ಲಿದ್ದಾನೆ. ಜೀವಕ್ಕೆ ಭಯವಿಲ್ಲ. ದವಡೆ ಮುರಿದಿದೆ, ಎಡಗಣ್ಣಿನ ಸುತ್ತಿನ ಮೂಳೆ ಒಡೆದಿದೆ. ಕಣ್ಣು ಉಳಿಯುವುದಿಲ್ಲ ಅನ್ನುತ್ತಿದ್ದಾರೆ. ಗಾಬರಿಯಾಗಬೇಡ, ಪೂರ್ತಿ ಓದು.

ಪಂದ್ಯದಲ್ಲಿ ಅವನಿಗೆ ಏನೂ ಆಗಲಿಲ್ಲ. ಐದನೇ ರೌಂಡಿನವರೆಗೆ ವೆಲ್ಡರನನ್ನು ಚಚ್ಚಿ ಹಾಕಿದ. ಅವನ ಕಿವಿಯಿಂದ ರಕ್ತ ಬರುತ್ತಿತ್ತು. ಎರಡೂ ತೋಳು ಮೇಲಿನ ಹಗ್ಗಕ್ಕೆ ಸಿಕ್ಕಿ ಅವನು ಒರಗಿ ನಿಂತಿದ್ದ, ಬಿದ್ದಿರಲಿಲ್ಲ. ಮರಿಯ ಬೆನ್ನು ಅಡ್ಡವಾಗಿದ್ದರಿಂದ ರೆಫರಿಗೆ ಅದು ಕಾಣಲಿಲ್ಲ. ಇನ್ನೊಂದೇ ಏಟು ಸಾಕಿತ್ತು ಅಕ್ಕಾ. ಇವನು ಕೈ ಇಳಿಸಿದ. "ಹೊಡಿಯೋ!" ಅಂತ ಕೂಗಿದೆ. ತಿರುಗಿ ನನ್ನನ್ನು ನೋಡಿದ. "ನಿಂತಿದಾನಲ್ಲೋ, ಹೊಡಿ!" ಅಂತ ಗಂಟಲು ಹರಿದುಕೊಂಡೆ. ಹಗ್ಗದ ನಡುವೆ ನುಸುಳಿ ರಿಂಗಿನಿಂದ ಇಳಿದೇ ಹೋದ. ಗೆದ್ದ ಪಂದ್ಯ! ಜನ ಬಾಟಲಿ ಎಸೆದರು, ಕುರ್ಚಿ ಮುರಿದರು, ನನ್ನ ಮುಖಕ್ಕೆ ಉಗಿದರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನು ತಲೆಯನ್ನು ಕಬ್ಬಿಣದ ಲಾಕರಿಗೆ ಚಚ್ಚಿಕೊಂಡ. ಚಿಕ್ಕವನಿದ್ದಾಗ ಗೋಡೆಗೆ ಚಚ್ಚಿಕೊಳ್ಳುತ್ತಿದ್ದನಲ್ಲ, ಹಾಗೇ. ನಾನು ಬಿಡಿಸಲು ಹೋದೆ, ಆಗಲಿಲ್ಲ. ಆಸ್ಪತ್ರೆಯವರು ಪೊಲೀಸರನ್ನು ಕರೆದರು. ಮರಿಯ ಕೈಗೆ ಪೆನ್ನು ಕೊಟ್ಟು ಏನಾಯಿತು ಬರಿ ಅಂದರೆ 'ಅಣ್ಣ ಹೊಡೆದ' ಅಂತ ಬರೆದಿದ್ದಾನೆ. ಕೋಣೆಯಲ್ಲಿ ನಾವಿಬ್ಬರೇ ಇದ್ದದ್ದು. ಅವನ ಮಾತು, ನನ್ನ ಮಾತು.

ನೀನು ಒಂದು ಕಾಗದ ಬರೆದುಕೊಡಬೇಕು. ಇಂಥವರು ತಮ್ಮನ್ನೇ ತಾವು ಹೊಡೆದುಕೊಳ್ಳುತ್ತಾರೆ, ಗಲಾಟೆಯಲ್ಲಿ ಯಾರು ಏನು ಮಾಡಿದರು ಅನ್ನುವುದು ಅವರಿಗೆ ಕಲಸಿಹೋಗುತ್ತದೆ ಅಂತ. ನಿನ್ನ ಹೆಸರಿನ ಕೆಳಗೆ ಅಷ್ಟುದ್ದ ಡಿಗ್ರಿಗಳಿವೆ. ನ್ಯಾಯಾಧೀಶರು ನಂಬುತ್ತಾರೆ. ಮನೆಯ ಮಾನ ನಿನ್ನ ಕೈಯಲ್ಲಿದೆ.

ನಿನ್ನ ತಮ್ಮ


ಮೇ 10

ಅಕ್ಕ,

ದವಡೆಗೆ ತಂತಿ ಕಟ್ಟಿದ್ದಾರೆ, ಮಾತಾಡಲು ಆಗುವುದಿಲ್ಲ. ನರ್ಸ್ ಹತ್ತಿರ ಹಾಳೆ ಕೇಳಿ ಬರೆಯುತ್ತಿದ್ದೇನೆ. ಸ್ಟ್ರಾ ಹಾಕಿ ಗಂಜಿಯಂಥದ್ದು ಕುಡಿಸುತ್ತಾರೆ. ರುಚಿ ಗೋಡೆಗೆ ಹೊಡೆಯುವ ಸುಣ್ಣದ್ದು. ಸುಣ್ಣ ಚಿಕ್ಕವನಿದ್ದಾಗ ನೆಕ್ಕಿದ್ದೆ, ಅದಕ್ಕೆ ಗೊತ್ತು.

ನಾನು ನಿಯಮ ಮುರಿದೆ. ಗೊತ್ತಿದ್ದೇ ಮುರಿದೆ. ವೆಲ್ಡರ್ ನಿಂತಿದ್ದ, ಅಣ್ಣ ಹೇಳಿದ್ದು ನಿಜ. ಆದರೆ ನಾನು ಕೈ ಆಡಿಸಿದಾಗ ಅವನ ಕಣ್ಣು ಕೈಯ ಹಿಂದೆ ಬರಲಿಲ್ಲ. ಅವನಿಗೆ ಕಾಣುತ್ತಿರಲಿಲ್ಲ. ಇನ್ನೊಂದು ಹೊಡೆದಿದ್ದರೆ ಸಾಯುತ್ತಿದ್ದ. ಅದಕ್ಕೆ ನಿಯಮ ಬಿಟ್ಟೆ.

ಕೋಣೆಗೆ ಬಂದು ಅಣ್ಣ ಬಾಗಿಲ ಚಿಲಕ ಹಾಕಿದ. "ನನ್ನ ಮಾನ ತೆಗೆದೆಯಲ್ಲೋ" ಅಂದ. ಮೊದಲ ಏಟು ಎಡಗಣ್ಣಿಗೆ, ಬರಿಗೈಯಲ್ಲಿ. ನಾನು ಬಿದ್ದೆ. ಹೊಟ್ಟೆಗೆ ಒದ್ದ. ಎದ್ದೆ. ಮತ್ತೆ ಅದೇ ಕಣ್ಣಿಗೆ ಹೊಡೆದ. ಆಮೇಲೆ ನಾನು ಕೂರುವ ಸ್ಟೂಲ್ ತೆಗೆದುಕೊಂಡು ದವಡೆಗೆ ಹೊಡೆದ. ಬಾಯಲ್ಲಿ ಹಲ್ಲಿನ ಚೂರುಗಳು ಇದ್ದವು, ಮರಳು ತಿಂದ ಹಾಗಿತ್ತು. ಇನ್ನೊಂದು ಸಲ ಸ್ಟೂಲ್ ಎತ್ತಿದ. ಹೊಡೆಯಲಿಲ್ಲ. ಕೆಳಗಿಟ್ಟು ಅದರ ಮೇಲೆ ಕೂತ. ಆಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದ.

ನಾನು ತಿರುಗಿ ಹೊಡೆಯಬಹುದಿತ್ತು. ಅಣ್ಣನಿಗಿಂತ ನಾನು ಚೆನ್ನಾಗಿ ಹೊಡೆಯುತ್ತೇನೆ. ಹೊಡೆದಿದ್ದರೆ ಅವನೂ ವೆಲ್ಡರನ ಹಾಗೆ ಆಗುತ್ತಿದ್ದ.

ನಾನೇ ಚಚ್ಚಿಕೊಂಡೆ ಅಂತ ಅಣ್ಣ ಪೊಲೀಸರಿಗೆ ಹೇಳಿದ್ದಾನಂತೆ. ನೀನು ಯಾರ ಮಾತು ನಂಬುತ್ತೀಯ? ಉತ್ತರ ಬೇಗ ಬರಿ.

ಮರಿ


ಮೇ 21

ತಮ್ಮಾ,

ಇನ್ನೂ ಆ ಹೆಸರಿನಿಂದ ಯಾಕೆ ಕರೆಯುತ್ತೇನೋ ನನಗೇ ತಿಳಿಯದು.

ಆಸ್ಪತ್ರೆಗೆ ಹೋಗಿ ಬಂದೆ. ಅವನ ಮುಖ ನೋಡಿ ಬೇರೆಯವರ ಹಾಸಿಗೆಗೆ ಬಂದೆನೆಂದು ತಿರುಗಿ ಹೊರಟಿದ್ದೆ. ಅವನು ಕೈ ಎತ್ತಿದ, ಆಗ ಗುರುತು ಸಿಕ್ಕಿತು. ನಾನು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಅಳಲಿಲ್ಲ, ತಲೆ ಸವರಲಿಲ್ಲ. "ಯಾಕೆ ಹೊಡೆಯದೆ ನಿಂತೆ?" ಎಂದು ಕೇಳಿದೆ. ನನ್ನ ಸಿದ್ಧಾಂತದ ಪ್ರಕಾರ ಅವನು ನಿಲ್ಲಬಾರದಿತ್ತಲ್ಲ. ವೆಲ್ಡರ್ ಸ್ವಲ್ಪ ಬಗ್ಗಿದ್ದನೇ, ಗಂಟೆಯೇನಾದರೂ ಬಾರಿಸಿತೇ ಎಂದು ಮತ್ತೆ ಮತ್ತೆ ಕೇಳಿದೆ. ಪ್ರತಿಸಲವೂ ಅವನು ಹಾಳೆಯ ಮೇಲೆ ಬರೆದದ್ದು ಒಂದೇ: 'ಸಾಯುತ್ತಿದ್ದ.' ಕೊನೆಗೆ ನನಗೇ ನಾಚಿಕೆಯಾಗಿ ಅವನ ಹೊದಿಕೆ ಸರಿಪಡಿಸಿದೆ.

ನೀನು ಹೇಳುತ್ತೀಯ, ಅವನು ಚಿಕ್ಕವನಿದ್ದಾಗ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ ಎಂದು. ಹೌದು, ಚಚ್ಚಿಕೊಳ್ಳುತ್ತಿದ್ದ. ಆಗೆಲ್ಲ ಗೋಡೆಗೂ ಅವನ ತಲೆಗೂ ನಡುವೆ ತನ್ನ ಅಂಗೈ ಇಡುತ್ತಿದ್ದವನು ಯಾರು? ಬೆರಳ ಗಂಟುಗಳು ಸುಲಿದು, ಪೆನ್ಸಿಲ್ ಹಿಡಿಯಲಾಗದೆ ಶಾಲೆಯಲ್ಲಿ ಬೈಸಿಕೊಂಡವನು ಯಾರು? ಅದೇ ಕೈಯಲ್ಲಿ ಈ ಸುಳ್ಳು ಬರೆದೆಯಲ್ಲ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಏನೂ ಕೇಳುವ ಮೊದಲೇ ನೀನು ಲಾಕರಿನ ಕಥೆ ಕಟ್ಟಿದೆ.

ಕಾಗದ ಬರೆಯುತ್ತೇನೆ, ಕೋರ್ಟಿಗೇ ಬರೆಯುತ್ತೇನೆ. ಅವನ ಮಾತು ನಂಬಲು ಯೋಗ್ಯ ಎಂದು ಬರೆಯುತ್ತೇನೆ. ನಿನ್ನ ಮುಖ ಕಂಡರೆ ಅದೇ ಸ್ಟೂಲಿನಿಂದ ಹೊಡೆಯುತ್ತೇನೋ ಏನೋ, ಹಾಗಾಗಿ ನನ್ನ ಮನೆಯ ಕಡೆ ಬರಬೇಡ.

ಅಕ್ಕ


ಜೂನ್ 30

ಅಕ್ಕಾ,

ಬರುವುದಿಲ್ಲ ಬಿಡು. ಜಾಮೀನಿನ ಮೇಲಿದ್ದೇನೆ, ಜಿಮ್ಮಿಗೆ ಬೀಗ ಬಿದ್ದಿದೆ. ಮೊನ್ನೆ ವೆಲ್ಡರನ ಕಡೆಯವರು ಬೀಗ ಮುರಿದು ಒಳಗೆ ನುಗ್ಗಿ ಕನ್ನಡಿಗಳನ್ನೆಲ್ಲ ಒಡೆದರು. ಒಬ್ಬನ ಕಾಲರ್ ಹಿಡಿದು ಗಾಜಿನ ಚೂರುಗಳ ಮೇಲೆ ಉರುಳಿಸಿದೆ, ಮೂವರು ಸೇರಿ ನನ್ನ ಬೆನ್ನು ಮುರಿಯುವ ಹಾಗೆ ಬಡಿದರು. ನಿನಗೆ ಸಮಾಧಾನವಾಗಲಿ ಅಂತ ಬರೆದೆ.

ಈಗ ಕೆಲಸದ ಮಾತು. ನನ್ನ ವಕೀಲರು ಬುದ್ಧಿವಂತರು. ನಿನ್ನ ಪ್ರಬಂಧವನ್ನೇ ತರಿಸಿ, ಗೆರೆ ಎಳೆದು ಇಟ್ಟುಕೊಂಡಿದ್ದಾರೆ. 'ಅಪವಾದಗಳನ್ನು ಇವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.' ಅವರು ಹೇಳುವುದೇನೆಂದರೆ, "ಹಾಗಿದ್ದ ಮೇಲೆ 'ಅವನು ಸಾಯ್ತಿದ್ದ, ಅದಕ್ಕೆ ನಿಯಮ ಬಿಟ್ಟೆ' ಅಂತ ಇವನು ತಾನಾಗಿ ಯೋಚಿಸೋಕೆ ಸಾಧ್ಯವೇ ಇಲ್ಲ. ಯಾರೋ ಹೇಳಿಕೊಟ್ಟಿದ್ದಾರೆ. ಈ ಮಾತು ಹೇಳಿಕೊಟ್ಟದ್ದಾದ್ರೆ 'ಅಣ್ಣ ಹೊಡೆದ' ಅನ್ನೋದೂ ಹೇಳಿಕೊಟ್ಟದ್ದೇ." ತಿಳಿಯಿತಾ? ನೀನು ಕಟಕಟೆ ಹತ್ತಿದರೆ ಎರಡರಲ್ಲಿ ಒಂದು ಸಾಯಬೇಕು, ನಿನ್ನ ಸಂಶೋಧನೆ ಇಲ್ಲವೇ ಮರಿಯ ಸಾಕ್ಷಿ.

ಮನೆಯಲ್ಲೇ ಇರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಕಾಗದ ಬರೆದು ಕಳಿಸು, ಹೌದೂ ಬೇಡ, ಅಲ್ಲವೂ ಬೇಡ. ನಿನ್ನ ಹೆಸರೂ ಉಳಿಯುತ್ತದೆ, ನಾನೂ ಉಳಿಯುತ್ತೇನೆ. ಮರಿಯನ್ನು ಸಾಯುವ ತನಕ ನಾನೇ ಸಾಕುತ್ತೇನೆ, ಆಣೆ ಮಾಡುತ್ತೇನೆ. ಅಮ್ಮ ಹೋದ ಮೇಲೆ ಅವನಿಗೆ ಇಷ್ಟು ವರ್ಷ ಬೇಯಿಸಿ ಹಾಕಿದವನು ನಾನು. ನೀನು ಅವನಂಥವರ ಬಗ್ಗೆ ಪುಸ್ತಕ ಓದಿದೆ, ನಾನು ಅವನ ಉಗುರು ಕತ್ತರಿಸಿದೆ. ಅದನ್ನೂ ಕೋರ್ಟಿನಲ್ಲಿ ಹೇಳಬೇಕಾಗುತ್ತದೆ, ನೆನಪಿರಲಿ.

ನಿನ್ನ ತಮ್ಮ


ಆಗಸ್ಟ್ 2

ಮರಿ,

ತಂತಿ ಬಿಚ್ಚಿದರೆಂದು ತಿಳಿದು ಸಂತೋಷವಾಯಿತು. ಚಪ್ಪಟೆ ಬಿಸ್ಕತ್ತನ್ನು ನೀರಿನಲ್ಲಿ ಅದ್ದಿ ತಿನ್ನು, ಕಡಿಯಲು ಹೋಗಬೇಡ. ಆಸ್ಪತ್ರೆಯ ಹಿಂದಿನ ವಸತಿಯಲ್ಲಿ ನಿನಗೆ ಕೋಣೆ ಹೇಳಿದ್ದೇನೆ. ಅಲ್ಲಿ ಕಿಟಕಿಯ ಹೊರಗೆ ನಿನಗೆ ಆಗದ ಸದ್ದಿನ ಜನರೇಟರ್ ಇಲ್ಲ, ವಿಚಾರಿಸಿಯೇ ಗೊತ್ತು ಮಾಡಿದೆ.

ಇಪ್ಪತ್ತಕ್ಕೆ ಕೋರ್ಟ್. ನಾನು ಬರುತ್ತೇನೆ, ನಿನ್ನ ಪರವಾಗಿ ಹೇಳುತ್ತೇನೆ. ನನ್ನ ಪ್ರಬಂಧ ಹಾಳಾದರೆ ಆಗಲಿ. ಹನ್ನೊಂದು ವರ್ಷದ ಕೆಲಸ ಅದು, ಇಲ್ಲ ಅನ್ನುವುದಿಲ್ಲ. ಹೊಟ್ಟೆ ಉರಿಯುತ್ತದೆ. ಆದರೂ ಹೇಳುತ್ತೇನೆ.

ನಿನ್ನಿಂದ ಒಂದು ಮಾತು ಬೇಕು. ಸರ್ಕಾರಿ ವಕೀಲರು 'ಅಣ್ಣ ನಿನ್ನನ್ನು ಕೊಲ್ಲೋಕೆ ಬಂದಿದ್ದನಾ?' ಎಂದು ಕೇಳುತ್ತಾರೆ. ಹೌದು ಅನ್ನು. ಹೌದು ಅಂದರೆ ಅವನು ಹತ್ತು ವರ್ಷ ಹೊರಗೆ ಬರುವುದಿಲ್ಲ. ಪಾತ್ರೆ ತೊಳೆಯುತ್ತಿರುವಾಗ, ಬಸ್ಸಿಗೆ ಕಾಯುತ್ತಿರುವಾಗ ನನ್ನ ಕಣ್ಣ ಮುಂದೆ ಬರುವುದು ಒಂದೇ ಚಿತ್ರ: ಅವನ ಬೆರಳುಗಳನ್ನು ನಾನು ಒಂದೊಂದಾಗಿ ಹಿಂದಕ್ಕೆ ಬಗ್ಗಿಸಿ ಮುರಿಯುತ್ತಿದ್ದೇನೆ, ಅವನು ಅರಚುತ್ತಿದ್ದಾನೆ, ನನಗೆ ಹಿತವಾಗುತ್ತಿದೆ. ಜೀವಮಾನದಲ್ಲಿ ಒಂದು ಇರುವೆಗೂ ಕೈ ಎತ್ತದವಳು ನಾನು. ಹೌದು ಅಂದುಬಿಡು ಮರಿ. ನನ್ನ ಸಲುವಾಗಿ.

ಅಕ್ಕ


ಆಗಸ್ಟ್ 27

ಅಕ್ಕ,

ಕೋರ್ಟಿನ ಮೆಟ್ಟಿಲ ಮೇಲೆ ನೀನು ನನ್ನ ಜೊತೆ ಮಾತಾಡದೆ ಹೋದೆ. ನಿನಗೆ ಕೋಪ ಬಂದಿದೆ ಅಂತ ಗೊತ್ತು. ಕೋಪ ಬಂದಿದೆ ಅಂತ ಹೇಳಿ ಹೋಗಬಹುದಿತ್ತು.

ನೀನು ಚೆನ್ನಾಗಿ ಮಾತಾಡಿದೆ. ಅಣ್ಣನ ವಕೀಲರು ನಿನ್ನ ಪ್ರಬಂಧ ಎತ್ತಿ ಹಿಡಿದು ಓದಿದಾಗ, "ಅದು ಸರಾಸರಿ ಲೆಕ್ಕ. ಸರಾಸರಿ ಅನ್ನೋ ಮನುಷ್ಯ ಎಲ್ಲೂ ಇಲ್ಲ. ನಾನು ಪರದೆ ಮೇಲೆ ಬಾಗಿಲು, ಗಂಟೆ ಅಂತ ವಾಕ್ಯ ತೋರಿಸಿ ಕೇಳಿದೆ. ಸಾಯ್ತಿರೋನನ್ನ ಎದುರಿಗೆ ನಿಲ್ಲಿಸಿ ಕೇಳಿಲ್ಲ. ಆ ಸಾಲು ನಾನು ಬರೀಬಾರದಿತ್ತು, ಅದು ತಪ್ಪು" ಅಂದೆ. "ತಪ್ಪು ಅಂತೀರಾ?" ಅಂತ ಅವರು ಇನ್ನೊಮ್ಮೆ ಕೇಳಿದರು. "ತಪ್ಪು" ಅಂದೆ. ನಿನ್ನ ಕತ್ತು ಕೆಂಪಾಗಿತ್ತು. ಆಮೇಲೆ ವೆಲ್ಡರ್ ಬಂದು, ಐದನೇ ರೌಂಡು ತನಗೆ ನೆನಪೇ ಇಲ್ಲ, ಆದರೆ ತಾನು ಬದುಕಿದ್ದೇನೆ ಅಂದ. ನ್ಯಾಯಾಧೀಶರು ಅದನ್ನು ಬರೆದುಕೊಂಡರು. ನನ್ನ ಮಾತು ನಂಬಿದರು.

ಆಮೇಲೆ ಸರ್ಕಾರಿ ವಕೀಲರು ನನ್ನನ್ನು ಕೇಳಿದರು. ನಾನು ಹೇಳಿದ್ದು ಹೀಗೆ: "ಅಣ್ಣ ಎರಡನೇ ಸಲ ಸ್ಟೂಲ್ ಎತ್ತಿದ. ನಾನು ನೆಲದ ಮೇಲೆ ಇದ್ದೆ, ತಲೆ ಅವನ ಕಾಲ ಹತ್ತಿರ ಇತ್ತು. ಹೊಡೆದಿದ್ದರೆ ಸಾಯ್ತಿದ್ದೆ. ಹೊಡೀಲಿಲ್ಲ. ಕೊಲ್ಲೋಕೆ ಬಂದಿದ್ದ ಅನ್ನು ಅಂತ ಅಕ್ಕ ಹೇಳಿದಾಳೆ. ನಾನು ಅದನ್ನ ನೋಡಿಲ್ಲ." ಎಲ್ಲರೂ ನಿನ್ನ ಕಡೆ ತಿರುಗಿ ನೋಡಿದರು. ನೀನು ಹೇಳಿಕೊಟ್ಟಿದ್ದೀಯ ಅಂತ ನಾನು ಹೇಳಬಾರದಿತ್ತೋ ಏನೋ. ಆದರೆ ಯಾರಾದರೂ ಏನಾದರೂ ಹೇಳಿಕೊಟ್ಟರಾ ಅಂತ ಅವರು ಮೊದಲೇ ಕೇಳಿದ್ದರು.

ಅಣ್ಣನಿಗೆ ಮೂರು ವರ್ಷ. ಅದು ಸಾಕು ಅಂತ ನನಗೆ ಅನ್ನಿಸುತ್ತದೆ. ನಿನಗೆ ಸಾಲದು ಅಂತ ಗೊತ್ತು. ಒಂದು ಕಣ್ಣಿನಲ್ಲಿ ಸೂಜಿಗೆ ದಾರ ಪೋಣಿಸುವುದು ಕಷ್ಟ, ಆದರೂ ಈ ವಾರ ಒಂದು ಚೀಲ ಹೊಲಿದೆ. ವಸತಿಯ ಕೆಳಗಿನ ಅಂಗಡಿಯಲ್ಲಿ ಬ್ಯಾಗು ರಿಪೇರಿ ಕೆಲಸ ಸಿಕ್ಕಿದೆ. ನಿನ್ನ ಮನೆಗೆ ಬಂದಿರು ಅಂತ ನೀನು ಅಂದಿದ್ದೆ. ಬರುವುದಿಲ್ಲ. ಅಣ್ಣ ಬಿಡುಗಡೆಯಾದ ಮೇಲೆ ಅವನ ಮನೆಗೂ ಹೋಗುವುದಿಲ್ಲ.

ನಾನು ಒಂದು ವಿಷಯ ಯೋಚನೆ ಮಾಡಿದೆ. ನಾನು ಯಾಕೆ ಹೊಡೆಯಲಿಲ್ಲ ಅಂತ ನೀನು ಕೇಳಿದೆ, ಪೊಲೀಸರು ಕೇಳಿದರು, ಇಬ್ಬರು ವಕೀಲರು ಕೇಳಿದರು, ನ್ಯಾಯಾಧೀಶರೂ ಕೇಳಿದರು. ಅಣ್ಣ ಯಾಕೆ ಹೊಡೆದ ಅಂತ ಯಾರೂ ಕೇಳಲಿಲ್ಲ. ಸೋತ ಸಿಟ್ಟು ಅಂತ ಎಲ್ಲರಿಗೂ ಮೊದಲೇ ಗೊತ್ತಿತ್ತಂತೆ. ನನಗೆ ಗೊತ್ತಿಲ್ಲ. ನೀನು ಹೊಡೆಯದವರನ್ನೇ ಯಂತ್ರದೊಳಗೆ ಮಲಗಿಸಿ ನೋಡುತ್ತೀಯ. ಹೊಡೆಯುವವರನ್ನು ಒಂದು ಸಲ ಕೇಳು.

ಮರಿ


ಅಕ್ಟೋಬರ್ 3

ತಮ್ಮಾ,

ಪ್ರಬಂಧ ವಾಪಸ್ ತೆಗೆದುಕೊಂಡೆ. ಲ್ಯಾಬಿನಲ್ಲಿ ನನ್ನ ಕಂಡರೆ ಎಲ್ಲರೂ ದನಿ ತಗ್ಗಿಸುತ್ತಾರೆ, ಸಾವಿನ ಮನೆಗೆ ಬಂದವರ ಹಾಗೆ. ನಿನ್ನ ಮೇಲಿನ ಸಿಟ್ಟು ಹೋಗಿಲ್ಲ, ಹೋಗುವುದೂ ಇಲ್ಲ. ಅವನ ಕುರುಡು ಕಣ್ಣು ಪ್ರತಿಸಲ ನೋಡಿದಾಗಲೂ ನಿನ್ನ ಕತ್ತು ಹಿಸುಕಬೇಕು ಅನ್ನಿಸುತ್ತದೆ.

ಇದು ಕ್ಷಮೆಯ ಕಾಗದವಲ್ಲ. ಒಂದೇ ಪ್ರಶ್ನೆ ಇದೆ, ಮರಿ ಕೇಳು ಅಂದದ್ದು. ಕೋರ್ಟಿನಲ್ಲಿ ಹೇಳಿದ ಲಾಕರಿನ ಕಥೆ ನನಗೆ ಬೇಡ. ಯಾಕೆ ಹೊಡೆದೆ?

ಅಕ್ಕ


ಡಿಸೆಂಬರ್ 15

ಅಕ್ಕಾ,

ನಿನ್ನ ಕಾಗದ ಬಂದ ದಿನ ಇಲ್ಲಿ ಜೈಲಿನ ಊಟದ ಸಾಲಿನಲ್ಲಿ ಒಬ್ಬನ ತಲೆಯನ್ನು ಗೋಡೆಗೆ ಅಪ್ಪಳಿಸಿದೆ. ಅವನು ನನ್ನ ತಟ್ಟೆ ತಳ್ಳಿದ್ದ. ಅವನ ಕಿವಿ ಹರಿಯಿತು, ನನ್ನನ್ನು ಒಂಟಿ ಕೋಣೆಗೆ ಹಾಕಿದರು. ಅಲ್ಲಿ ಕೂತು ಉತ್ತರ ಬರೆಯಲು ಶುರು ಮಾಡಿದೆ. ಬರೆದದ್ದನ್ನೆಲ್ಲ ಹರಿದು ಹಾಕಿದೆ.

ಮೊದಲು ಬರೆದದ್ದು, ಪಂದ್ಯ ಸೋತ ಸಿಟ್ಟಿಗೆ ಹೊಡೆದೆ ಅಂತ. ಸುಳ್ಳು. ಎಷ್ಟೋ ಪಂದ್ಯ ಸೋತಿದ್ದೇನೆ, ಯಾರಿಗೂ ಹೊಡೆದಿಲ್ಲ. ಆಮೇಲೆ ಬರೆದದ್ದು, ಜನ ಮುಖಕ್ಕೆ ಉಗಿದ ಅವಮಾನಕ್ಕೆ ಅಂತ. ಅದೂ ಅಲ್ಲ. ಉಗಿದವರನ್ನು ಬಿಟ್ಟು ಇವನಿಗೆ ಯಾಕೆ ಹೊಡೆಯಬೇಕು? ಅವನು ನಿಯಮ ಮುರಿದನಲ್ಲ, ಅದಕ್ಕೆ ಅಂತ ಇನ್ನೊಮ್ಮೆ ಬರೆದೆ. ಇಷ್ಟು ದಿನ ನನಗೆ ನಾನೇ ಹೇಳಿಕೊಂಡದ್ದು ಇದೇ. ಈ ಕಾರಣಗಳೆಲ್ಲ ಆಮೇಲೆ ಬಂದವು ಅಕ್ಕಾ. ಕೈ ಮೊದಲು ಹೋಯಿತು, ಕಾರಣ ಹಿಂದಿನಿಂದ ಓಡಿ ಬಂತು. ನಿನ್ನ ಯಂತ್ರದಲ್ಲಿ ಇದು ಕಾಣುತ್ತದೆಯೋ ಇಲ್ಲವೋ ನನಗೆ ತಿಳಿಯದು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಅಂತ ಅಮ್ಮ ಅನ್ನುತ್ತಿದ್ದಳು. ಆದರೆ ಅದು ಸಿಟ್ಟೂ ಆಗಿರಲಿಲ್ಲ.

ಇಷ್ಟು ದಿನ ಯಾರಿಗೂ ಹೇಳದ್ದನ್ನು ಬರೆಯುತ್ತಿದ್ದೇನೆ. ಮರಿಗೆ ತೋರಿಸಬೇಕು ಅನ್ನಿಸಿದರೆ ತೋರಿಸು. ನಾನು ನಿಂತಿದ್ದ ಮೂಲೆಯಿಂದ ವೆಲ್ಡರನ ಮುಖ ಚೆನ್ನಾಗಿ ಕಾಣುತ್ತಿತ್ತು. ಮರಿ ಕೈ ಇಳಿಸುವ ಮೊದಲೇ ನನಗೆ ತಿಳಿದಿತ್ತು, ಅವನಿಗೆ ಕಣ್ಣು ಕಾಣುತ್ತಿಲ್ಲ, ಇನ್ನೊಂದು ಏಟಿಗೆ ಸಾಯುತ್ತಾನೆ ಅಂತ. ತಿಳಿದೂ ಹೊಡಿ ಅಂದೆ. ಮರಿ ತಿರುಗಿ ನನ್ನನ್ನು ನೋಡಿದ. ಯಾವತ್ತೂ ಯಾರ ಮುಖವನ್ನೂ ನೆಟ್ಟಗೆ ನೋಡದವನು ಅವತ್ತು ನನ್ನ ಮುಖ ನೋಡಿದ. ನಾನು ನೋಡಿದ್ದೇನೆ, ನೋಡಿಯೂ ಹೊಡಿ ಅನ್ನುತ್ತಿದ್ದೇನೆ ಅಂತ ಅವನಿಗೆ ಗೊತ್ತಾಗಿಹೋಯಿತು.

ಅದಕ್ಕೇ ಹೊಡೆದೆ. ಮೊದಲು ಆ ಕಣ್ಣಿಗೇ ಹೊಡೆದೆ.

ನಿನ್ನ ತಮ್ಮ